ವಾರ್ಡಿನಲ್ಲಿ ಕೈ ಎತ್ತುವ ಮೊದಲು: ಶುಶ್ರೂಷಾ ಮುಖ್ಯಸ್ಥರಿಗೆ ಮಾರ್ಗದರ್ಶಿ

ರಾತ್ರಿ ಹನ್ನೊಂದೂವರೆ. ಕ್ಯಾಶುಯಾಲಿಟಿಯಿಂದ ಮೆಡಿಕಲ್ ವಾರ್ಡಿಗೆ ಒಬ್ಬ ರೋಗಿ ಬರುತ್ತಾರೆ, ಅವರ ಹಿಂದೆ ಏಳು ಜನ. ವಾರ್ಡಿನಲ್ಲಿರುವುದು ಒಬ್ಬ ಸಿಸ್ಟರ್, ಒಬ್ಬ ಆಯಾ. ಡ್ಯೂಟಿ ಡಾಕ್ಟರ್ ಬೇರೆ ಮಹಡಿಯಲ್ಲಿ ಇನ್ಯಾರನ್ನೋ ನೋಡುತ್ತಿದ್ದಾರೆ. ಹನ್ನೆರಡಾಗುತ್ತದೆ, ಹನ್ನೆರಡೂಕಾಲಾಗುತ್ತದೆ. ‘ಡಾಕ್ಟ್ರು ಎಲ್ಲಿ ಸಿಸ್ಟರ್?’ ಎಂದು ಮೊದಲ ಸಲ ಮೆತ್ತಗೆ ಕೇಳಿದವನು ನಾಲ್ಕನೇ ಸಲ ಕೌಂಟರಿನ ಮೇಲೆ ಕೈ ಬಡಿಯುತ್ತಾನೆ. ಐದನೇ ಸಲಕ್ಕೆ ಸಿಸ್ಟರ್ ಕೈಯಲ್ಲಿದ್ದ ಫೈಲು ನೆಲಕ್ಕೆ ಬಿದ್ದಿರುತ್ತದೆ, ಅವರ ತೋಳು ಅವನ ಹಿಡಿತದಲ್ಲಿರುತ್ತದೆ.

ಮರುದಿನದ ವಿಚಾರಣೆಯಲ್ಲಿ ಎಲ್ಲರೂ ಆ ಐದನೇ ಸಲದ ಬಗ್ಗೆಯೇ ಮಾತಾಡುತ್ತಾರೆ. ಶುಶ್ರೂಷಾಧೀಕ್ಷಕರು, ವಾರ್ಡ್ ಇನ್‌ಚಾರ್ಜ್, ನೈಟ್ ಸೂಪರ್‌ವೈಸರ್ ಕೇಳಬೇಕಾದದ್ದು ಅದಕ್ಕೂ ಹಿಂದಿನ ನಲವತ್ತೈದು ನಿಮಿಷಗಳನ್ನು. ಆ ಸಿಸ್ಟರ್ ಒಬ್ಬರೇ ಏಕಿದ್ದರು? ಏಳು ಜನ ಒಳಗೆ ಹೇಗೆ ಬಂದರು? ‘ಇನ್ನೂ ಇಷ್ಟು ಹೊತ್ತಾಗುತ್ತದೆ’ ಎಂದು ಅವರಿಗೆ ಯಾರಾದರೂ ಹೇಳಿದ್ದರೇ? ಅದೇ ವಾರ್ಡಿನಲ್ಲಿ ಹೋದ ತಿಂಗಳು ನಡೆದ ಇಂಥದ್ದೇ ಗಲಾಟೆ ಎಲ್ಲಾದರೂ ದಾಖಲಾಗಿತ್ತೇ? ರೋಸ್ಟರ್, ಬಾಗಿಲು, ಮಾತು, ರಿಜಿಸ್ಟರ್ ಈ ನಾಲ್ಕೂ ನಿಮ್ಮ ಕೈಯಲ್ಲಿರುವ ಸಂಗತಿಗಳು. ಸೆಕ್ಯೂರಿಟಿ ಏಜೆನ್ಸಿಯ ಕರಾರು, ಪೊಲೀಸ್ ಚೌಕಿ, ಕಾನೂನು ತಿದ್ದುಪಡಿ ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಹೆಚ್ಚಾಗಿ ಆ ನಾಲ್ಕರ ಬಗ್ಗೆ.

ಮೊದಲು ಸುತ್ತಾಡಿ

ಒಂದು ನೋಟ್‌ಬುಕ್ ಹಿಡಿದು ಆಸ್ಪತ್ರೆಯನ್ನು ಮೂರು ಹೊತ್ತಿನಲ್ಲಿ ಸುತ್ತಿ: ಸಂಜೆ ಭೇಟಿಯ ಸಮಯ, ರಾತ್ರಿ ಡ್ಯೂಟಿ ಬದಲಾಗುವ ಹೊತ್ತು, ಬೆಳಗಿನ ಜಾವ ಎರಡರಿಂದ ಮೂರು. ಹಗಲಿನಲ್ಲಿ ಮಾತ್ರ ಸುತ್ತಿದ ಸುರಕ್ಷತಾ ಸಮಿತಿಗೆ ರಾತ್ರಿ ಬೀಗ ಹಾಕಿರುವ ಮೆಟ್ಟಿಲ ಬಾಗಿಲು ಕಾಣುವುದಿಲ್ಲ, ಬಲ್ಬ್ ಸುಟ್ಟ ಲ್ಯಾಬ್ ದಾರಿಯೂ ಕಾಣುವುದಿಲ್ಲ. ಪ್ರತಿ ವಾರ್ಡಿನಲ್ಲೂ ನರ್ಸಿಂಗ್ ಕೌಂಟರಿನ ಕುರ್ಚಿಯಲ್ಲಿ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿಂದ ಓಡಬೇಕಾದರೆ ದಾರಿ ಯಾವುದು? ಕೂಗಿದರೆ ಯಾರಿಗೆ ಕೇಳುತ್ತದೆ? ಕೈಗೆ ಸಿಗುವಂತೆ ಏನೇನು ಬಿದ್ದಿದೆ?

ಕೈ ಮಾಡುವವರಲ್ಲಿ ನಾಲ್ಕು ಬಗೆ. ಕಾದು ಕಾದು ಸಿಟ್ಟಾದ, ಹಣಕ್ಕಾಗಿ ಅಲೆದು ಸೋತ, ಅಥವಾ ಸಾವಿನ ಸುದ್ದಿ ಕೇಳಿದ ರೋಗಿಯ ಕಡೆಯವರು ಒಂದು. ಕಾಯಿಲೆಯಿಂದಲೇ ತಲೆ ಕೆಟ್ಟಂತಾದ ರೋಗಿ ಎರಡು. ಆಸ್ಪತ್ರೆಗೆ ಸಂಬಂಧವೇ ಇಲ್ಲದ ಹೊರಗಿನವರು, ಕುಡಿದು ನುಗ್ಗಿದವರು, ಮೊಬೈಲ್ ಹಿಡಿದು ‘ವಿಡಿಯೋ ಮಾಡ್ತೀನಿ’ ಎನ್ನುವವರು ಮೂರು. ನಮ್ಮವರೇ ಆದ ವೈದ್ಯರು, ಹಿರಿಯ ಸಿಬ್ಬಂದಿ, ಗುತ್ತಿಗೆ ನೌಕರರು ನಾಲ್ಕು. ನಾಲ್ಕಕ್ಕೂ ಒಂದೇ ಮದ್ದು ಹಾಕಲು ಹೋದಾಗಲೇ ಯೋಜನೆ ಕೆಡುವುದು. ದಾರಿ ತಪ್ಪಿದ ಮನಸ್ಸಿನ ಎಪ್ಪತ್ತು ವರ್ಷದ ಅಜ್ಜನ ಮೇಲೆ ಬೌನ್ಸರ್ ಬಿಟ್ಟರೆ ಅಜ್ಜನ ಸೊಂಟ ಮುರಿಯುತ್ತದೆ, ಅಷ್ಟೇ. ಕಿರುಕುಳ ಕೊಡುವ ಹಿರಿಯ ಸರ್ಜನ್‌ಗೆ ‘ಸಮಾಧಾನದ ಮಾತು’ ಹೇಳಿದರೆ ಕಿರುಕುಳ ಮುಂದುವರಿಯುತ್ತದೆ.

ಬೈಗುಳವನ್ನೂ ಬರೆಯುವ ರಿಜಿಸ್ಟರ್

‘ಇದೆಲ್ಲ ಇದ್ದದ್ದೇ ಮೇಡಂ’ ಎನ್ನುವ ಮಾತು ವಾರ್ಡಿನಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಕೆನ್ನೆಗೆ ಹೊಡೆತ ಬಿದ್ದರೆ ಮಾತ್ರ ಘಟನೆ, ಅವ್ವ ಅಪ್ಪನನ್ನು ಎಳೆದು ಬೈದರೆ ಅದು ದಿನಚರಿ. ಬರೆಯದಿರಲು ಕಾರಣಗಳಿವೆ. ನಾಲ್ಕು ಪುಟದ ಫಾರ್ಮು, ಅದನ್ನು ತುಂಬಿದರೆ ‘ನೀನೇನು ಅಂದೆ ಅವರಿಗೆ?’ ಎನ್ನುವ ಮೊದಲ ಪ್ರಶ್ನೆ, ಕೊನೆಗೆ ಏನೂ ಆಗದ ಅನುಭವ.

ಅರ್ಧ ಪುಟದ ಚೀಟಿ ಮಾಡಿ. ದಿನಾಂಕ ಮತ್ತು ಗಂಟೆ, ವಾರ್ಡಿನ ಯಾವ ಜಾಗ, ಮಾಡಿದವರು ಯಾರು (ರೋಗಿ, ಕಡೆಯವರು, ಹೊರಗಿನವರು, ಸಿಬ್ಬಂದಿ), ಏನು ಮಾಡಿದರು, ಅದಕ್ಕೂ ಮುಂಚೆ ಏನು ನಡೆಯಿತು, ಆ ಹೊತ್ತಿಗೆ ಎಷ್ಟು ರೋಗಿಗಳಿಗೆ ಎಷ್ಟು ಜನ ಸಿಬ್ಬಂದಿ, ಯಾರಿಗೆ ಕರೆ ಮಾಡಿದಿರಿ, ಅವರು ಬರಲು ಎಷ್ಟು ನಿಮಿಷ. ಎಂಟು ಸಾಲು. ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಚೀಟಿ ಉದ್ದವಾಯಿತೆಂದೇ ಅರ್ಥ. ಕೈ ನಡುಗುತ್ತಿರುವವರಿಂದ ಬರೆಸಬೇಡಿ, ಅವರು ಹೇಳಲಿ, ಇನ್‌ಚಾರ್ಜ್ ಬರೆದುಕೊಳ್ಳಲಿ.

ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯುವುದನ್ನು ಕಲಿಸಿ. ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಎಂದು ಬರೆದ ಕಾಗದ ಠಾಣೆಯಲ್ಲೂ ನ್ಯಾಯಾಲಯದಲ್ಲೂ ಸಪ್ಪೆ. ‘ರಾತ್ರಿ 12.20ಕ್ಕೆ ಹಾಸಿಗೆ 14ರ ರೋಗಿಯ ಕಡೆಯ ಚೆಕ್ಸ್ ಶರ್ಟಿನ ವ್ಯಕ್ತಿ “ಹೊರಗ್ ಬಾ, ನಿನ್ನ ನೋಡ್ಕೋತೀನಿ” ಎಂದು ಹೇಳಿ ನನ್ನ ಬಲ ಮುಂಗೈ ಹಿಡಿದು ತಿರುಚಿದ’ ಎನ್ನುವುದಕ್ಕೆ ಬೆಲೆಯಿದೆ. ಬರೆಯಲು ಮುಜುಗರವಾಗುವ ಮಾತಿದ್ದರೂ ಸರಿ, ಹಾಗೆಯೇ ಬರಲಿ.

ತಿಂಗಳ ಕೊನೆಗೆ ಚೀಟಿಗಳನ್ನು ನೆಲದ ಮೇಲೆ ಹರಡಿ ಜಾಗದ ಪ್ರಕಾರ ಒಮ್ಮೆ, ಗಂಟೆಯ ಪ್ರಕಾರ ಒಮ್ಮೆ, ‘ಮುಂಚೆ ಏನು ನಡೆಯಿತು’ ಎನ್ನುವ ಸಾಲಿನ ಪ್ರಕಾರ ಒಮ್ಮೆ ಜೋಡಿಸಿ. ಈ ಮೂರನೇ ಜೋಡಣೆಯೇ ದಾರಿ ತೋರಿಸುವುದು. ಒಂದೇ ವಾರ್ಡಿನ ಆರು ಚೀಟಿಗಳಲ್ಲಿ ‘ಸ್ಕ್ಯಾನ್ ರಿಪೋರ್ಟ್ ಬಂದಿರಲಿಲ್ಲ’ ಎಂದಿದ್ದರೆ ಅಲ್ಲಿ ಬೇಕಿರುವುದು ರಿಪೋರ್ಟ್ ತರುವ ಮನುಷ್ಯ, ಗಾರ್ಡ್ ಅಲ್ಲ. ಚೀಟಿಗಳು ಹೆಚ್ಚಾದರೆ ಮೊದಲ ಮೂರು ತಿಂಗಳು ಗಾಬರಿಯಾಗಬೇಡಿ. ಗಲಾಟೆ ಹೆಚ್ಚಾಗಿರುವುದಿಲ್ಲ, ಜನ ಬರೆಯಲು ಶುರುಮಾಡಿರುತ್ತಾರೆ. ಆಡಳಿತದವರಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ‘ನಿಮ್ಮ ಕಾಲದಲ್ಲೇ ಇಷ್ಟೆಲ್ಲ’ ಎನ್ನುತ್ತಾರೆ.

ಬಾಗಿಲು, ಬೀಗ, ಕತ್ತರಿ

ಹೊನ್ನಾವರದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರ್ 27ರಂದು ದಾಳಿ ನಡೆದದ್ದು ಅವರು ಬಟ್ಟೆ ಬದಲಿಸಲು ಹೋಗಿದ್ದ ನೆಲಮಾಳಿಗೆಯಲ್ಲಿ. ದಾಳಿ ಮಾಡಿದವನು ಅದೇ ಆಸ್ಪತ್ರೆಯ ಕೆಲಸಗಾರ. 2015ರ ಮೇ 18ರಂದು ತೀರಿಕೊಳ್ಳುವ ತನಕ, ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. ಆ ಪ್ರಕರಣ ದಯಾಮರಣದ ಚರ್ಚೆಯಾಗಿ ದೇಶಕ್ಕೆ ನೆನಪಿದೆ. ಶುಶ್ರೂಷಾ ಮುಖ್ಯಸ್ಥರಿಗೆ ಅದು ಬಟ್ಟೆ ಬದಲಿಸುವ ಕೋಣೆಯ ಪ್ರಶ್ನೆಯಾಗಿ ನೆನಪಿರಬೇಕು. ನಿಮ್ಮ ಸಿಸ್ಟರ್‌ಗಳು ಎಲ್ಲಿ ಬಟ್ಟೆ ಬದಲಿಸುತ್ತಾರೆ ಎಂದು ಇವತ್ತೇ ಹೋಗಿ ನೋಡಿ. ಲಿನನ್ ಸ್ಟೋರಿನಲ್ಲೇ? ಚಿಲಕ ಒಳಗಿನಿಂದ ಬೀಳುತ್ತದೆಯೇ? ಬೀಗದ ಕೈ ಎಷ್ಟು ಜನರ ಹತ್ತಿರ ಇದೆ? ಜನ ಓಡಾಡುವ ದಾರಿಯಲ್ಲಿ, ಒಳಗಿನಿಂದ ಹಾಕುವ ಬೋಲ್ಟ್ ಇರುವ, ಹೊರಗೆ ದೀಪ ಇರುವ ಒಂದು ಕೋಣೆ ಕೇಳಿ ಪಡೆಯುವುದು ಯಾವ ಸಾಫ್ಟ್‌ವೇರಿಗಿಂತಲೂ ಮೊದಲ ಕೆಲಸ.

ಇನ್ನೊಂದು ಘಟನೆ ಕತ್ತರಿಯದು. 2023ರ ಮೇ 10ರ ಬೆಳಗಿನ ಜಾವ ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಗೆ ಪೊಲೀಸರು ಕಾಲಿಗೆ ಗಾಯವಾದ ವ್ಯಕ್ತಿಯನ್ನು ಕರೆತಂದರು. ಆತ ಅಲ್ಲಿದ್ದ ಸರ್ಜಿಕಲ್ ಕತ್ತರಿಯಿಂದಲೇ ಯುವ ವೈದ್ಯೆ ಡಾ. ವಂದನಾ ದಾಸ್ ಅವರನ್ನು ಇರಿದು ಕೊಂದ. ಪೊಲೀಸರು ಅಲ್ಲೇ ಇದ್ದರು. ಡ್ರೆಸಿಂಗ್ ಟ್ರಾಲಿ ರೋಗಿಯ ಕೈಗೆ ಎಟುಕುವ ಕಡೆ ನಿಂತಿರುವುದು ನಮ್ಮಲ್ಲೂ ಪ್ರತಿದಿನ ಕಾಣುವ ನೋಟ. ಟ್ರಾಲಿ ಯಾವಾಗಲೂ ಡ್ರೆಸಿಂಗ್ ಮಾಡುವವರ ಹಿಂಬದಿಗೆ ಇರಲಿ, ರೋಗಿಯ ಪಕ್ಕಕ್ಕೆ ಬೇಡ. ಕತ್ತರಿ, ಬ್ಲೇಡು, ಫೋರ್ಸೆಪ್ಸ್ ಮುಚ್ಚಳದ ಟ್ರೇಯಲ್ಲಿ, ಬೇಕಾದಾಗ ಬೇಕಾದದ್ದು ಮಾತ್ರ ಹೊರಗೆ. ಶಿಫ್ಟ್ ಮುಗಿಯುವಾಗ ಎಣಿಕೆ. ಪೊಲೀಸರು ಕರೆತಂದ ಯಾರೇ ಆಗಲಿ, ಆರೋಪಿಯೋ ದೂರುದಾರನೋ ಎಂದು ನೋಡದೆ, ಎರಡು ಬಾಗಿಲಿರುವ ಕೋಣೆಯಲ್ಲಿ, ತಪಾಸಣೆ ಆದ ಮೇಲೆ, ಒಬ್ಬ ಪೇದೆ ಕೈ ಚಾಚುವಷ್ಟು ಹತ್ತಿರ ನಿಂತಿರುವಾಗಲೇ ಮುಟ್ಟಬೇಕು ಎಂಬ ನಿಯಮ ಕ್ಯಾಶುಯಾಲಿಟಿಯ ಗೋಡೆಯ ಮೇಲಿರಲಿ. ಪೊಲೀಸರು ಹೊರಗೆ ನಿಂತು ಟೀ ಕುಡಿಯುತ್ತಿದ್ದರೆ ಕೆಲಸ ಶುರು ಮಾಡದೆ ಕಾಯಬಹುದು ಎಂದು ಸಿಸ್ಟರ್‌ಗಳಿಗೆ ಬರಹದಲ್ಲಿ ಅಧಿಕಾರ ಕೊಡಿ. ಜೀವಕ್ಕೆ ಅಪಾಯವಿರುವ ಗಾಯ ಮಾತ್ರ ಇದಕ್ಕೆ ಹೊರತು.

ಉಳಿದವು ಬೇಗ ಆಗುವ ಕೆಲಸಗಳು. ಕೌಂಟರಿನ ಕುರ್ಚಿಯನ್ನು ಬಾಗಿಲು ಬೆನ್ನ ಹಿಂದೆ ಬಾರದಂತೆ ತಿರುಗಿಸಿ. ಖಾಲಿ ಐವಿ ಸ್ಟ್ಯಾಂಡ್, ಆಕ್ಸಿಜನ್ ಸಿಲಿಂಡರಿನ ಕೀಲಿ ಕಾರಿಡಾರಿನಲ್ಲಿ ಬಿಡಬೇಡಿ. ಐಡಿ ಕಾರ್ಡಿನ ಹಗ್ಗ ಎಳೆದರೆ ಬಿಚ್ಚಿಕೊಳ್ಳುವ ಬಗೆಯದಾಗಿರಲಿ, ಸ್ಟೆತಸ್ಕೋಪ್ ಕೊರಳಲ್ಲಿ ನೇತಾಡುವುದು ಬೇಡ. ಕೂಗುಗುಂಡಿ ಇದ್ದರೆ ಅದು ಎಲ್ಲಿ ಸದ್ದು ಮಾಡುತ್ತದೆ, ಅಲ್ಲಿ ರಾತ್ರಿ ಯಾರಿರುತ್ತಾರೆ ಎಂದು ಒತ್ತಿ ನೋಡಿ. ಒತ್ತಿದರೆ ಬೀಗ ಹಾಕಿದ ಕಚೇರಿಯಲ್ಲಿ ದೀಪ ಹತ್ತುವ ಗುಂಡಿಗಳನ್ನು ಇಟ್ಟುಕೊಂಡು ನೆಮ್ಮದಿಯಾಗಿರುವ ಆಸ್ಪತ್ರೆಗಳಿವೆ.

ರೋಸ್ಟರ್ ಬರೆಯುವಾಗ

ಸಿಬ್ಬಂದಿ ಕಡಿಮೆ ಎಂಬುದು ನಿಜ. ಇರುವವರನ್ನೇ ಹೇಗೆ ಕೂಡಿಸುತ್ತೀರಿ ಎಂಬುದೂ ಅಷ್ಟೇ ನಿಜ. ಹೊಸದಾಗಿ ಸೇರಿದವರನ್ನು ಮೊದಲ ಮೂರು ತಿಂಗಳು ರಾತ್ರಿ ಒಬ್ಬರನ್ನೇ ಹಾಕಬೇಡಿ. ಎದುರುಬದುರಿನ ಎರಡು ವಾರ್ಡ್‌ಗಳನ್ನು ಜೋಡಿ ಮಾಡಿ: ಒಬ್ಬರು ಔಷಧ ಕೊಡಲು ಒಳಗೆ ಹೋದಾಗ ಇನ್ನೊಬ್ಬರ ಕಣ್ಣು ಎರಡೂ ಕೌಂಟರಿನ ಮೇಲಿರಲಿ, ಗಂಟೆಗೊಮ್ಮೆ ಒಂದು ಮಾತಾದರೂ ಆಡಿಕೊಳ್ಳಲಿ. ಇಡೀ ಮಹಡಿಗೆ ಒಬ್ಬ ತಿರುಗಾಟದ ನರ್ಸ್ ಸಿಕ್ಕರೆ ರಾತ್ರಿ ಹತ್ತರಿಂದ ಎರಡರ ತನಕ ಅವರನ್ನು ಯಾವ ವಾರ್ಡಿಗೂ ಕಟ್ಟಬೇಡಿ.

ಬ್ಲಡ್ ಬ್ಯಾಂಕಿಗೆ, ಫಾರ್ಮಸಿಗೆ, ಶವಾಗಾರಕ್ಕೆ ರಾತ್ರಿ ಸಿಸ್ಟರ್ ಒಬ್ಬರೇ ಹೋಗುವುದು ನಿಲ್ಲಬೇಕು. ಕ್ವಾರ್ಟರ್ಸ್, ಹಾಸ್ಟೆಲ್ ತನಕದ ದಾರಿಯೂ ಡ್ಯೂಟಿಯ ಭಾಗವೇ. ರಾತ್ರಿ ಎಂಟೂವರೆಗೆ ಡ್ಯೂಟಿ ಬಿಟ್ಟವರು ಗುಂಪಾಗಿ ಹೊರಡುವಂತೆ ಹದಿನೈದು ನಿಮಿಷ ಆಚೀಚೆ ಮಾಡಿದರೆ ಗಾರ್ಡ್ ಒಬ್ಬರೇ ಸಾಕು. ಬಾತ್‌ರೂಮಿಗೆ ಹೋಗಲು, ಊಟ ಮಾಡಲು ಯಾರು ಜಾಗ ತುಂಬುತ್ತಾರೆ ಎಂಬುದೂ ರೋಸ್ಟರಿನಲ್ಲಿ ಬರೆದಿರಲಿ. ಹಸಿದು, ಎಂಟು ಗಂಟೆ ನೀರು ಕುಡಿಯದೆ ನಿಂತವರ ಬಾಯಿಂದ ಮೆತ್ತನೆಯ ಮಾತು ನಿರೀಕ್ಷಿಸುವುದು ಅನ್ಯಾಯ.

ಹೇಳುವ ಮಾತು

ತರಬೇತಿಗೆ ಸಮಯ ಕಡಿಮೆಯಿದ್ದರೆ ಉಳಿದದ್ದನ್ನು ಬಿಟ್ಟು ಇದನ್ನೇ ಕಲಿಸಿ. ಕಾಯುವುದನ್ನು ಜನ ಸಹಿಸುತ್ತಾರೆ, ಎಷ್ಟು ಹೊತ್ತು ಎಂದು ಗೊತ್ತಿಲ್ಲದೆ ಕಾಯುವುದನ್ನು ಸಹಿಸುವುದಿಲ್ಲ. ಏನೂ ಬದಲಾಗಿಲ್ಲದಿದ್ದರೂ ಅರ್ಧ ಗಂಟೆಗೊಮ್ಮೆ ಸಿಸ್ಟರ್ ತಾವಾಗಿಯೇ ಹೋಗಿ ಒಂದು ಮಾತು ಹೇಳುವ ಪದ್ಧತಿ ಹಾಕಿ. ‘ಯಜಮಾನ್ರೇ, ಡಾಕ್ಟ್ರು ಐಸಿಯುನಲ್ಲಿ ಒಬ್ಬರ ಉಸಿರಾಟ ನೋಡ್ತಿದಾರೆ. ಇನ್ನೂ ಅರ್ಧ ಗಂಟೆ ಆಗಬಹುದು. ಅಲ್ಲಿತನಕ ಅಮ್ಮನ ಬಿಪಿ, ಆಕ್ಸಿಜನ್ ನಾನೇ ಹದಿನೈದು ನಿಮಿಷಕ್ಕೊಮ್ಮೆ ನೋಡ್ತೀನಿ. ಉಸಿರು ಹೆಚ್ಚಾದ್ರೆ, ಮಾತು ತೊದಲಿದ್ರೆ ತಕ್ಷಣ ನನ್ನ ಕರೀರಿ.’ ಡಾಕ್ಟರ್ ಎಲ್ಲಿದ್ದಾರೆ, ಎಷ್ಟು ಹೊತ್ತು, ಅಷ್ಟರಲ್ಲಿ ನಾವೇನು ಮಾಡುತ್ತೇವೆ, ನೀವೇನು ನೋಡಬೇಕು ಎಂಬ ನಾಲ್ಕೂ ಇದರಲ್ಲಿ ಬಂದಿವೆ. ಹೇಳಿದ ಹದಿನೈದು ನಿಮಿಷಕ್ಕೆ ಹೋಗಿ ನೋಡದಿದ್ದರೆ ಮಾತು ಹೇಳದಿದ್ದುದಕ್ಕಿಂತ ಕೆಟ್ಟದ್ದು.

ಬೆಂಕಿಗೆ ತುಪ್ಪ ಸುರಿಯುವ ಮಾತುಗಳನ್ನೂ ಪಟ್ಟಿ ಮಾಡಿ ಓದಿಸಿ. ‘ನಂಗೊತ್ತಿಲ್ಲ, ಡಾಕ್ಟ್ರನ್ನೇ ಕೇಳಿ.’ ‘ನಿಮ್ಮೊಬ್ರದೇ ಪೇಷಂಟಾ?’ ‘ಸುಮ್ನೆ ಕೂತ್ಕೊಳ್ಳಿ.’ ‘ಕೂಗಾಡಬೇಡಿ, ಇದು ಆಸ್ಪತ್ರೆ.’ ಬೆಳಗಿನಿಂದ ನಿಂತವರ ಬಾಯಿಂದ ಇವು ಜಾರುತ್ತವೆ. ಬದಲಿಗೆ ಏನು ಹೇಳಬೇಕೆಂಬುದು ನಾಲಿಗೆ ತುದಿಯಲ್ಲಿದ್ದರೆ ಮಾತ್ರ ಜಾರುವುದು ತಪ್ಪುತ್ತದೆ, ಆದ್ದರಿಂದ ಹ್ಯಾಂಡೋವರ್ (ಒಂದು ಶಿಫ್ಟಿನವರು ಮುಂದಿನವರಿಗೆ ರೋಗಿಗಳನ್ನು ಒಪ್ಪಿಸುವುದು) ಮುಗಿದ ಮೇಲೆ ಐದು ನಿಮಿಷ ಒಬ್ಬರು ರೋಗಿಯ ಮಗನಾಗಿ, ಒಬ್ಬರು ಸಿಸ್ಟರ್ ಆಗಿ ಬಾಯಿಬಿಟ್ಟು ಆಡಿ ನೋಡಲಿ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಸಿಸ್ಟರ್‌ಗಳು ಬಹಳ. ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬಂದ ರೋಗಿಯ ಕಡೆಯವರು ‘ಯಾಕ್ರೀ ಅಕ್ಕಾರ, ಎಷ್ಟೊತ್ತು ಮಾಡ್ತೀರಿ’ ಎಂದು ತಮ್ಮ ಸಹಜ ಗಟ್ಟಿ ದನಿಯಲ್ಲಿ ಕೇಳಿದರೆ ಇವರಿಗೆ ಅದು ಬೈಗುಳದಂತೆ ಕೇಳಿಸುತ್ತದೆ. ಇವರ ಎರಡು ಪದದ ಉತ್ತರ ಅವರಿಗೆ ಅಸಡ್ಡೆಯಂತೆ ಕೇಳಿಸುತ್ತದೆ. ಮೂವತ್ತು ವಾಕ್ಯಗಳ ಒಂದು ಪುಟ್ಟ ಕನ್ನಡ ಕಾರ್ಡು ಮಾಡಿ, ಉತ್ತರ ಕರ್ನಾಟಕದ ಒಬ್ಬರಿಂದ, ಮೈಸೂರು ಕಡೆಯ ಒಬ್ಬರಿಂದ ಓದಿಸಿ ಮೊಬೈಲಿಗೆ ಧ್ವನಿ ಕಳಿಸಿ. ಪ್ರತಿ ಶಿಫ್ಟಿನಲ್ಲಿ ರೋಗಿಯ ಭಾಷೆ ಬಲ್ಲ ಒಬ್ಬರಾದರೂ ಮಹಡಿಯಲ್ಲಿರುವಂತೆ ನೋಡಿಕೊಳ್ಳಿ.

ಕಡೆಯವರಲ್ಲಿ ಯಾರೊಬ್ಬರ ಜೊತೆ ಮಾತು ಎಂಬುದನ್ನು ದಾಖಲಾತಿಯ ಹೊತ್ತಲ್ಲೇ ತೀರ್ಮಾನಿಸಿ: ‘ನಿಮ್ಮ ಮನೆಯವರ ಪೈಕಿ ನಾವು ಯಾರಿಗೆ ವಿಷಯ ಹೇಳೋಣ?’ ಆ ಹೆಸರು, ಮೊಬೈಲ್ ನಂಬರ್ ಕೇಸ್ ಶೀಟಿನ ಮೊದಲ ಪುಟದಲ್ಲಿರಲಿ. ಐದು ಜನರಿಗೆ ಐದು ಸಿಬ್ಬಂದಿ ಐದು ಬಗೆಯಲ್ಲಿ ಹೇಳಿದ್ದು ಕೊನೆಗೆ ‘ಏನೋ ಮುಚ್ಚಿಡ್ತಿದಾರೆ’ ಎಂದಾಗುತ್ತದೆ.

ಕಾಯಿಲೆಯೇ ಕೈ ಎತ್ತಿಸಿದಾಗ

ಕಾಲು ಮುರಿದು ದಾಖಲಾದ ಗಂಡಸು ಎರಡು ದಿನ ಸುಮ್ಮನಿದ್ದು ಮೂರನೇ ರಾತ್ರಿ ಡ್ರಿಪ್ ಕಿತ್ತು, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎಂದು ಸಿಸ್ಟರ್‌ಗೆ ಒದೆಯುತ್ತಾನೆ. ಅದು ಕೊಬ್ಬಲ್ಲ, ಕುಡಿತ ನಿಂತ 48ರಿಂದ 72 ಗಂಟೆಗಳಲ್ಲಿ ಬರುವ ಸನ್ನಿ. ದಾಖಲಾತಿಯಲ್ಲಿ ‘ಕುಡೀತೀರಾ?’ ಎಂದು ಕೇಳಿ ಟಿಕ್ ಹಾಕಿದರೆ ಸಾಲದು. ‘ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೇ ಸಲ ಯಾವತ್ತು ಎಷ್ಟೊತ್ತಿಗೆ?’ ಎಂದು ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿ, ಉತ್ತರವನ್ನು ಡಾಕ್ಟರ್ ಕಣ್ಣಿಗೆ ಬೀಳುವಂತೆ ಬರೆಯಿರಿ. ಔಷಧ ಮೊದಲೇ ಶುರುವಾದರೆ ಮೂರನೇ ರಾತ್ರಿ ಹೀಗಾಗುವುದು ಬಹುಪಾಲು ತಪ್ಪುತ್ತದೆ.

ಯಾವ ರೋಗಿ ಇದ್ದಕ್ಕಿದ್ದಂತೆ ರೇಗಾಡಿದರೂ ಕೈಗಳನ್ನು ಕಟ್ಟುವ ಮುಂಚೆ ಬೆರಳು ಚುಚ್ಚಿ ನೋಡುವ ರಕ್ತದ ಸಕ್ಕರೆ, ಆಕ್ಸಿಜನ್ ಪ್ರಮಾಣ, ಮೂತ್ರ ಕಟ್ಟಿದೆಯೇ, ತಲೆಗೆ ಪೆಟ್ಟಾಗಿದೆಯೇ, ನೋವು ಎಷ್ಟಿದೆ ಎಂದು ನೋಡಬೇಕು. ಮೂತ್ರದ ನಳಿಕೆ (ಕ್ಯಾತಿಟರ್) ಮುಚ್ಚಿಕೊಂಡು ಹೊಟ್ಟೆ ಉಬ್ಬಿದ ಮುದುಕರು ‘ಹಿಂಸಾತ್ಮಕ ರೋಗಿ’ ಎಂಬ ಹಣೆಪಟ್ಟಿ ಹೊತ್ತು ನರಳಿದ್ದುಂಟು.

ಯಾವ ರೋಗಿ ಕೈ ಮಾಡಬಹುದೆಂದು ಮುಂಚಿತವಾಗಿ ಗುರುತಿಸಲು ನಾರ್ವೆಯಲ್ಲಿ ರೂಪುಗೊಂಡ ಬ್ರೋಸೆಟ್ ಪರಿಶೀಲನಾ ಪಟ್ಟಿ ಸರಳವಾಗಿದೆ. ಗೊಂದಲ, ಸಿಡುಕು, ಅತಿಯಾದ ಗದ್ದಲ, ಮಾತಿನ ಬೆದರಿಕೆ, ಮೈಮೇಲೆ ಬರುವ ಬೆದರಿಕೆ, ವಸ್ತುಗಳ ಮೇಲೆ ದಾಳಿ ಎಂಬ ಆರು ಅಂಶಗಳು, ಇದ್ದರೆ ಒಂದು ಅಂಕ, ಇಲ್ಲದಿದ್ದರೆ ಸೊನ್ನೆ. ಒಂದೆರಡು ಬಂದರೆ ಎಚ್ಚರ, ಎರಡು ದಾಟಿದರೆ ಮುಂದಿನ 24 ಗಂಟೆಗೆ ಯೋಜನೆ ಬೇಕು. ಮನೋರೋಗ ವಿಭಾಗಕ್ಕೆಂದು ಮಾಡಿದ್ದಾದರೂ ಕ್ಯಾಶುಯಾಲಿಟಿಗೆ, ಐಸಿಯುಗೆ ಒಗ್ಗುತ್ತದೆ. ಪ್ರತಿ ಶಿಫ್ಟಿಗೆ ಒಮ್ಮೆ ಹಾಕಿ, ಹ್ಯಾಂಡೋವರಿನಲ್ಲಿ ಅಂಕವನ್ನು ಬಾಯಲ್ಲಿ ಹೇಳಿ. ಇದು ರೋಗಿಯ ಹಾಸಿಗೆಯ ಮೇಲೆ ಕೆಂಪು ಚೀಟಿ ಅಂಟಿಸಲಿಕ್ಕಲ್ಲ. ಅಂಥ ಚೀಟಿ ಅವಮಾನ, ಮುಂದಿನ ಶಿಫ್ಟಿನವರು ಹತ್ತಿರ ಹೋಗುವುದನ್ನೇ ಬಿಡುತ್ತಾರೆ.

ಕಟ್ಟಲೇಬೇಕಾದರೆ ವೈದ್ಯರ ಲಿಖಿತ ಆದೇಶ, ಐದು ಜನ (ಕೈಕಾಲಿಗೆ ನಾಲ್ಕು, ತಲೆಯ ಬಳಿ ನಿಂತು ಮಾತಾಡಿಸುವವರು ಒಬ್ಬರು), ಅಂಗಾತ ಮಲಗಿಸಿ ತಲೆ ಎತ್ತರ, ಬೋರಲು ಎಂದಿಗೂ ಬೇಡ. ಹದಿನೈದು ನಿಮಿಷಕ್ಕೊಮ್ಮೆ ಬೆರಳ ತುದಿಯ ಬಣ್ಣ, ಬಿಸಿ ನೋಡಿ ಬರೆಯಬೇಕು. ಮನೋರೋಗಿಗಳ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಕಟ್ಟುನಿಟ್ಟು. ಸರಪಳಿ ನಿಷಿದ್ಧ, ಕಟ್ಟಿದ ಪ್ರತಿ ಸಲವೂ ದಾಖಲಾಗಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು.

ಕೋಡ್ ಕರೆದಾಗ

ಗಲಾಟೆಯಾದಾಗ ನೆರವಿಗೆ ಜನರನ್ನು ಕೂಗುವ ತುರ್ತು ಕರೆಯೇ ಕೋಡ್. ಅದಕ್ಕೆ ಕೋಡ್ ವೈಲೆಟ್, ಕೋಡ್ ಪರ್ಪಲ್ ಎಂದು ಆಸ್ಪತ್ರೆಗೊಂದು ಹೆಸರು. ಹೆಸರಿಗಿಂತ ಯಾರು ಕರೆಯಬಹುದು ಎಂಬುದು ಮುಖ್ಯ. ಆಯಾ, ಹೌಸ್‌ಕೀಪಿಂಗ್ ಹುಡುಗ, ವಿದ್ಯಾರ್ಥಿನಿ, ಯಾರು ಬೇಕಾದರೂ ಕರೆಯಲಿ. ತಪ್ಪಾಗಿ ಕರೆದರೆ ಬೈಯುವುದಿಲ್ಲ ಎಂದು ನೀವು ಎಲ್ಲರೆದುರು ಹೇಳಿ. ಎರಡು ನಿಮಿಷದೊಳಗೆ ಬರಬೇಕಾದವರು ನೈಟ್ ಸೂಪರ್‌ವೈಸರ್, ಇಬ್ಬರು ಗಾರ್ಡ್, ಪಕ್ಕದ ವಾರ್ಡಿನ ಒಬ್ಬರು, ಡ್ಯೂಟಿ ಡಾಕ್ಟರ್.

ಬಂದವರಲ್ಲಿ ಒಬ್ಬರೇ ಮಾತಾಡಬೇಕು, ಉಳಿದವರು ಕಾಣುವಂತೆ ಆದರೆ ಹಿಂದೆ ನಿಲ್ಲಬೇಕು. ಮಾತಾಡುವವರು ಎರಡು ತೋಳಿನಷ್ಟು ದೂರ, ಸ್ವಲ್ಪ ಓರೆಯಾಗಿ, ಕೈಗಳು ಸೊಂಟದ ಮಟ್ಟದಲ್ಲಿ ತೆರೆದು, ಬಾಗಿಲು ತಮ್ಮ ಬೆನ್ನಿಗೆ ಹತ್ತಿರ ಇರುವಂತೆ ನಿಲ್ಲಲಿ. ಸಿಟ್ಟಾದವನ ಬಾಗಿಲನ್ನೂ ಅಡ್ಡಗಟ್ಟಬಾರದು, ದಾರಿ ಇಲ್ಲದವನು ನುಗ್ಗುತ್ತಾನೆ. ಪೆಟ್ಟು ತಿಂದ ಸಿಸ್ಟರನ್ನು ಮೊದಲು ಅಲ್ಲಿಂದ ಕರೆದೊಯ್ಯಿರಿ. ‘ಕ್ಷಮೆ ಕೇಳಿಬಿಡಮ್ಮ, ಮುಗೀಲಿ’ ಎಂದು ಅವರನ್ನು ಮತ್ತೆ ಮುಂದೆ ತರುವುದನ್ನು ಯಾವ ಮುಖ್ಯಸ್ಥರೂ ಮಾಡಕೂಡದು. ಆಯುಧ ಕಂಡರೆ ಮಾತು ಬೇಡ. ರೋಗಿಗಳ ಕೋಣೆ ಬಾಗಿಲು ಮುಚ್ಚಿ, 112ಕ್ಕೆ ಕರೆ. ಅಣಕು ಅಭ್ಯಾಸ ಮೂರು ತಿಂಗಳಿಗೊಮ್ಮೆ, ಅದರಲ್ಲಿ ವರ್ಷಕ್ಕೆ ಎರಡಾದರೂ ರಾತ್ರಿ ಎರಡು ಗಂಟೆಗೆ. ಗಡಿಯಾರ ಹಿಡಿದು ನಿಮಿಷ ಬರೆದುಕೊಳ್ಳಿ.

ಸಾವಿನ ಸುದ್ದಿ ಹೇಳುವ ಗಳಿಗೆಗೆ ಕೋಡ್ ಕಾಯಬೇಡಿ, ಅದಕ್ಕೆ ಮೊದಲೇ ಸಿದ್ಧತೆ ಬೇಕು. ಸುದ್ದಿಯನ್ನು ವೈದ್ಯರೇ ಹೇಳಬೇಕು, ಕುಳಿತು, ಕಾರಿಡಾರಿನಲ್ಲಲ್ಲದೆ ಒಂದು ಕೋಣೆಯಲ್ಲಿ, ಹಿರಿಯ ಸಿಸ್ಟರ್ ಒಬ್ಬರು ಪಕ್ಕದಲ್ಲಿದ್ದು. ‘ಹೋಗಿಬಿಟ್ರು’ ಎಂದು ಡ್ಯೂಟಿಯ ಕಿರಿಯ ಸಿಸ್ಟರ್ ಬಾಯಿಂದ ಹೇಳಿಸಿ ಡಾಕ್ಟರ್ ಹಿಂದಿನ ಬಾಗಿಲಿಂದ ಹೋಗುವ ಅಭ್ಯಾಸ ನಿಮ್ಮಲ್ಲಿದ್ದರೆ ವೈದ್ಯಕೀಯ ಅಧೀಕ್ಷಕರ ಎದುರು ಮೊದಲು ಇಡಬೇಕಾದ ವಿಷಯ ಅದೇ. ಆ ಬಳಿಕ ಬಿಲ್ಲಿನ ಮಾತು ವಾರ್ಡಿನಲ್ಲಿ ಬರಕೂಡದು. ಬಾಕಿ ಇದೆಯೆಂದು ಶವ ತಡೆಹಿಡಿಯುವಂತಿಲ್ಲ. ಹಾಗೆ ತಡೆಯುವ ಕೆಲಸವನ್ನು ಸಿಸ್ಟರ್‌ಗಳ ಮೇಲೆ ಹಾಕಲು ಆಡಳಿತ ಬಂದರೆ ನೀವು ಅಡ್ಡ ನಿಲ್ಲಬೇಕು.

ಪೆಟ್ಟು ಬಿದ್ದ ಮೇಲಿನ ಆರು ಗಂಟೆ

ಮೊದಲು ಪೆಟ್ಟು ತಿಂದವರು ರೋಗಿ, ಆಮೇಲೆ ಸಾಕ್ಷಿ. ಅವರನ್ನು ಕ್ಯಾಶುಯಾಲಿಟಿಯಲ್ಲಿ ದಾಖಲಿಸಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡಿಸಿ, ಗಾಯದ ಅಳತೆ ಬರೆಸಿ, ಒಪ್ಪಿಗೆ ಪಡೆದು ಚಿತ್ರ ತೆಗೆಸಿ. ಹರಿದ, ರಕ್ತ ಮೆತ್ತಿದ ಸಮವಸ್ತ್ರ ಒಗೆಯಬಾರದು, ಕಾಗದದ ಚೀಲದಲ್ಲಿಡಿ. ಕಚ್ಚಿದ್ದರೆ ಅಥವಾ ಸೂಜಿ ಚುಚ್ಚಿದ್ದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಎಚ್‌ಐವಿ ತಡೆಗಟ್ಟುವ ಔಷಧ ಬೇಕೇ ಎಂದು ತಕ್ಷಣ ತೀರ್ಮಾನಿಸಬೇಕು. ಬೇಕೆಂದರೆ ಮೊದಲ ಡೋಸ್ ಎರಡು ಗಂಟೆಯೊಳಗೆ ಒಳ್ಳೆಯದು, 72 ಗಂಟೆ ದಾಟಬಾರದು, ಒಟ್ಟು 28 ದಿನ. ಹೆಪಟೈಟಿಸ್ ಬಿ ಲಸಿಕೆ, ಟಿಟಿ ವಿವರವೂ ನೋಡಿ. ಗರ್ಭಿಣಿಯಾಗಿದ್ದರೆ ಪ್ರಸೂತಿ ತಜ್ಞರಿಗೆ ತೋರಿಸದೆ ಮನೆಗೆ ಕಳಿಸಬೇಡಿ.

ದೂರು ಸಂಸ್ಥೆಯ ಹೆಸರಲ್ಲಿ ಹೋಗಬೇಕು, ಪೆಟ್ಟು ತಿಂದವರ ಮನೆ ವಿಳಾಸದಿಂದಲ್ಲ. ಕೋಲ್ಕತ್ತಾದ ಆರ್‌ಜಿ ಕರ್ ಆಸ್ಪತ್ರೆಯ ಯುವ ವೈದ್ಯೆಯ ಕೊಲೆಯ ನಂತರ, 2024ರ ಆಗಸ್ಟ್ 16ರಂದು ಕೇಂದ್ರ ಆರೋಗ್ಯ ಸಚಿವಾಲಯ ತನ್ನ ಆಸ್ಪತ್ರೆಗಳಿಗೆ ಹೊರಡಿಸಿದ ಸೂಚನೆಯಲ್ಲಿ, ಕರ್ತವ್ಯನಿರತ ಸಿಬ್ಬಂದಿಯ ಮೇಲೆ ಹಿಂಸೆ ನಡೆದರೆ ಆರು ಗಂಟೆಯೊಳಗೆ ಸಾಂಸ್ಥಿಕ ಎಫ್‌ಐಆರ್ ದಾಖಲಿಸುವ ಹೊಣೆ ಸಂಸ್ಥೆಯ ಮುಖ್ಯಸ್ಥರದ್ದು ಎಂದು ಹೇಳಿದೆ. ನಿಮ್ಮದು ಜಿಲ್ಲಾಸ್ಪತ್ರೆಯಾಗಲಿ, ನರ್ಸಿಂಗ್ ಹೋಮ್ ಆಗಲಿ, ಆ ಆರು ಗಂಟೆಯನ್ನೇ ನಿಮ್ಮ ಅಳತೆಯಾಗಿ ಇಟ್ಟುಕೊಳ್ಳಿ.

ದೂರಿನಲ್ಲಿ 2009ರ ಕರ್ನಾಟಕ ವೈದ್ಯೋಪಚಾರ ಸೇವಾ ಸಿಬ್ಬಂದಿ ಮೇಲಿನ ಹಿಂಸಾಚಾರ ಮತ್ತು ಆಸ್ತಿ ಹಾನಿ ನಿಷೇಧ ಕಾಯ್ದೆಯ ಹೆಸರು ಇರಲೇಬೇಕು. ನೋಂದಾಯಿತ ನರ್ಸ್‌ಗಳೂ ನರ್ಸಿಂಗ್ ವಿದ್ಯಾರ್ಥಿಗಳೂ ಅದರ ವ್ಯಾಪ್ತಿಯಲ್ಲಿದ್ದಾರೆ. ಅಪರಾಧ ಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದು), ಜಾಮೀನುರಹಿತ. 2009ರಲ್ಲಿ ಜಾರಿಗೆ ಬಂದಾಗ ಅದರಲ್ಲಿದ್ದದ್ದು ಮೂರು ವರ್ಷದವರೆಗೆ ಸೆರೆ, 50 ಸಾವಿರ ರೂಪಾಯಿವರೆಗೆ ದಂಡ, ಒಡೆದ ಉಪಕರಣಕ್ಕೆ ಅದರ ಬೆಲೆಯ ಎರಡರಷ್ಟು ಪರಿಹಾರ. ಠಾಣೆಗಳಲ್ಲಿ ಈ ಕಾಯ್ದೆ ಬಿಟ್ಟು ಸಣ್ಣ ಕಲಂ ಹಾಕಿ ಅಲ್ಲೇ ಬಿಡುಗಡೆ ಮಾಡುವುದು ಆಗುತ್ತದೆ, ಆದ್ದರಿಂದ ಕಾಯ್ದೆಯ ಪ್ರತಿಯೊಂದು ನೈಟ್ ಸೂಪರ್‌ವೈಸರ್ ಫೈಲಿನಲ್ಲಿರಲಿ. ಸರ್ಕಾರಿ ನೌಕರರಾದರೆ ಭಾರತೀಯ ನ್ಯಾಯ ಸಂಹಿತೆಯ 132, ಮಹಿಳೆಯ ಮಾನಕ್ಕೆ ಕೈ ಹಾಕಿದ್ದರೆ 74, ಅಸಭ್ಯ ಮಾತು ಸನ್ನೆಗೆ 79 ಸೇರಿಸಲು ಕೇಳಿ. ನಮ್ಮ ವ್ಯಾಪ್ತಿಯಲ್ಲ ಎಂದರೆ ಝೀರೋ ಎಫ್‌ಐಆರ್ (ಯಾವ ಠಾಣೆಯಲ್ಲಾದರೂ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುವಂಥದ್ದು) ಕೇಳಿ. ದಾಖಲಿಸಲು ನಿರಾಕರಿಸಿದರೆ ನಾಗರಿಕ ಸುರಕ್ಷಾ ಸಂಹಿತೆಯ 173ರ ಪ್ರಕಾರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರಹದಲ್ಲಿ ಕಳಿಸಬಹುದು. ಎಫ್‌ಐಆರ್ ಪ್ರತಿ ಉಚಿತ.

ಸಿಸಿಟಿವಿ ದೃಶ್ಯ ಅದೇ ದಿನ ಪ್ರತಿ ಮಾಡಿಸಿ. ಕೆಲವು ವಾರಗಳಲ್ಲಿ ಹಳೆಯದರ ಮೇಲೆ ಹೊಸದು ಬೀಳುತ್ತದೆ, ಆಮೇಲೆ ಏನೂ ಉಳಿಯುವುದಿಲ್ಲ. ಕ್ಯಾಮೆರಾ ನೋಡಿಕೊಳ್ಳುವವರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ, ಹ್ಯಾಶ್ ಮೌಲ್ಯದ (ದೃಶ್ಯವನ್ನು ತಿದ್ದಿಲ್ಲ ಎಂದು ತೋರಿಸುವ ಗುರುತಿನ ಸಂಖ್ಯೆ) ಸಮೇತ, ಆಗಲೇ ಬರೆಸಿಕೊಳ್ಳಿ.

ಆಮೇಲೆ ರಾಜಿಗೆ ಜನ ಬರುತ್ತಾರೆ: ಊರ ಮುಖಂಡರು, ಪಾಲಿಕೆ ಸದಸ್ಯರು, ಕೆಲವು ಸಲ ಆಡಳಿತ ಮಂಡಳಿಯವರೇ. ‘ಆಸ್ಪತ್ರೆ ಹೆಸರು ಕೆಡುತ್ತೆ, ಬಿಟ್ಟುಬಿಡೋಣ’ ಎನ್ನುವ ಮಾತು ಪೆಟ್ಟು ತಿಂದವರ ಕಿವಿಗೆ ನೇರವಾಗಿ ಹೋಗದಂತೆ ನೀವು ನಡುವೆ ನಿಲ್ಲಿ. ವಿಷಯ ಏನೇ ಇರಲಿ, ಆ ವಾರದಲ್ಲಿ ಅವರಿಗೆ ಕಾರಣ ಕೇಳುವ ಮೆಮೊ ಹೋಗಬಾರದು. ಚಿಕಿತ್ಸೆಯಲ್ಲಿ ಲೋಪವಿದ್ದರೆ ಅದರ ವಿಚಾರಣೆ ಬೇರೆ ದಿನ, ಬೇರೆ ಕೋಣೆಯಲ್ಲಿ.

ಒಳಗಿನವರೇ ಆದಾಗ

ಥಿಯೇಟರಿನಲ್ಲಿ ಉಪಕರಣ ಎಸೆಯುವುದು, ರೌಂಡ್ಸಿನಲ್ಲಿ ರೋಗಿಗಳೆದುರು ‘ನಿಂಗೆ ಯಾರು ಸರ್ಟಿಫಿಕೇಟ್ ಕೊಟ್ರು’ ಎನ್ನುವುದು, ರಾತ್ರಿ ಕೆಲಸವಿಲ್ಲದ ಮೆಸೇಜು. ಇವನ್ನೂ ಅದೇ ಅರ್ಧ ಪುಟದ ಚೀಟಿಯಲ್ಲಿ ಬರೆಸಿ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ದೂರು ಮೂರು ತಿಂಗಳೊಳಗೆ, ಕಾರಣವಿದ್ದರೆ ಇನ್ನೂ ಮೂರು ತಿಂಗಳು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಿಚಾರಣೆ ನಡೆಯುವಾಗ ವರ್ಗಾವಣೆಯನ್ನೋ ಮೂರು ತಿಂಗಳವರೆಗಿನ ರಜೆಯನ್ನೋ ದೂರು ಕೊಟ್ಟವರು ಕೇಳಬಹುದು. ದೂರು ಕೊಟ್ಟವರನ್ನೇ ‘ನಿಮ್ಮ ಒಳ್ಳೇದಕ್ಕೆ’ ಎಂದು ಅವರು ಕೇಳದೆ ಬೇರೆ ವಾರ್ಡಿಗೆ ಹಾಕಿದರೆ ಅದು ಶಿಕ್ಷೆಯಂತೆಯೇ ಕಾಣುತ್ತದೆ, ಉಳಿದವರು ನೋಡಿ ಬಾಯಿ ಮುಚ್ಚುತ್ತಾರೆ.

ಮರಳಿ ಡ್ಯೂಟಿಗೆ

ಪೆಟ್ಟು ತಿಂದವರಿಗೆ ಸಂಬಳ ಸಹಿತ ರಜೆ ಕೊಡಿಸಿ, ಅವರ ಸ್ವಂತ ರಜೆಯಿಂದ ಕಡಿಯಬೇಡಿ. ಮೂರನೇ ದಿನ ಒಂದು ಫೋನು, ಎರಡು ವಾರಕ್ಕೆ ಒಮ್ಮೆ ಮುಖಾಮುಖಿ ಮಾತು. ನಿದ್ದೆ ಬರುತ್ತಿಲ್ಲ, ಆ ವಾರ್ಡಿನ ಬಾಗಿಲು ಕಂಡರೆ ಎದೆ ಹೊಡೆದುಕೊಳ್ಳುತ್ತದೆ ಎಂದು ತಿಂಗಳಾದರೂ ಹೇಳುತ್ತಿದ್ದರೆ ಮನೋವೈದ್ಯರ ಬಳಿ ಕಳಿಸಬೇಕು. 14416 ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮೊದಲ ರಾತ್ರಿ ಡ್ಯೂಟಿಗೆ ಅವರು ಮರಳುವ ದಿನ ರೋಸ್ಟರಿನಲ್ಲಿ ಅವರ ಹೆಸರಿನ ಪಕ್ಕ ಇನ್ನೊಂದು ಹೆಸರು ಇರಲಿ. ಹ್ಯಾಂಡೋವರ್ ಹೊತ್ತಿಗೆ ನೀವೂ ಆ ವಾರ್ಡಿಗೆ ಹೋಗಿ, ಹಾಸಿಗೆಯಿಂದ ಹಾಸಿಗೆಗೆ ಅವರ ಜೊತೆ ನಡೆದು, ಹದಿನಾಲ್ಕನೇ ಹಾಸಿಗೆಯ ಬಳಿ ಅವರು ನಿಂತರೆ ನೀವೂ ನಿಲ್ಲಿ.